ದಂಡ ಒಬ್ಬನಿಗೆ, ಪೆಟ್ಟು ಇನ್ನೊಬ್ಬನಿಗೆ

2024ರ ಆಗಸ್ಟ್‌ನಲ್ಲಿ ವಿನೇಶ್ ಫೋಗಟ್ ಕೇವಲ 100 ಗ್ರಾಂ ಹೆಚ್ಚು ತೂಗಿ ಒಲಿಂಪಿಕ್ ಫೈನಲ್ ಕಳೆದುಕೊಂಡಾಗ ಪುಣೆಯ ನಮ್ಮ ಆಫೀಸಿನಲ್ಲೂ ಎಲ್ಲರ ಬಾಯಲ್ಲಿ ಒಂದೇ ಮಾತು: ‘ನೂರು ಗ್ರಾಂಗೆ ಇಷ್ಟು ಕಠಿಣ ಶಿಕ್ಷೆಯೇ?’ ವೃತ್ತಿಪರ ಬಾಕ್ಸಿಂಗ್ ನೋಡುವ ಚಟವಿರುವ ನನ್ನನ್ನು ಕಾಡಿದ್ದು ಅದಕ್ಕೆ ತೀರಾ ತದ್ವಿರುದ್ಧವಾದ ಪ್ರಶ್ನೆ. ಅಲ್ಲಿ ಕಿಲೋಗಟ್ಟಲೆ ತೂಕ ತಪ್ಪಿದರೂ ಪಂದ್ಯ ನಡೆದುಬಿಡುತ್ತದಲ್ಲ, ಅದು ಹೇಗೆ?

ಅದೇ ವರ್ಷದ ಏಪ್ರಿಲ್ 20ರಂದು ನ್ಯೂಯಾರ್ಕಿನಲ್ಲಿ ಡೆವಿನ್ ಹೇನಿ ಮತ್ತು ರಯಾನ್ ಗಾರ್ಸಿಯಾ ಎದುರಾದರು. ತೂಕದ ಮಿತಿ 140 ಪೌಂಡ್, ಅಂದರೆ ಸುಮಾರು 63.5 ಕಿಲೋ. ಹೇನಿ ಮಿತಿಯೊಳಗೆ ಬಂದ. ಗಾರ್ಸಿಯಾ 143.2 ಪೌಂಡ್ ತೂಗಿದ. ಗೆದ್ದರೂ ಅವನಿಗೆ ಪಟ್ಟ ಸಿಗುವುದಿಲ್ಲ ಎಂದಾಯಿತು, ಪಂದ್ಯ ಮಾತ್ರ ನಡೆಯಿತು. ಗಾರ್ಸಿಯಾ ಮೂರು ಸಲ ಹೇನಿಯನ್ನು ನೆಲಕ್ಕೆ ಕೆಡವಿ ಗೆದ್ದ. ಆಮೇಲೆ ಅವನು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದರಿಂದ ಆ ಫಲಿತಾಂಶವನ್ನೇ ರದ್ದು ಮಾಡಿದರು. ಕಾಗದದ ಮೇಲಿದ್ದದ್ದು ಅಳಿಸಿಹೋಯಿತು. ಹೇನಿ ತಿಂದ ಪೆಟ್ಟನ್ನು ಅಳಿಸುವವರು ಯಾರು?

ಒಂದೂವರೆ ಕಿಲೋದಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಹಾಗಾಗಿ ಬಾಕ್ಸರ್‌ಗಳು ಕೊನೆಯ ಕೆಲವು ದಿನ ಉಪ್ಪು, ಅನ್ನ, ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ಕೂತು, ಬೆವರಿನ ಅಂಗಿ ತೊಟ್ಟು ಓಡಿ ಮೈಯ ನೀರನ್ನು ಹಿಂಡಿ ತೆಗೆಯುತ್ತಾರೆ. ತಕ್ಕಡಿಯಿಂದ ಇಳಿದ ಮೇಲೆ ಕುಡಿದು ತಿಂದು ಒಂದೇ ದಿನದಲ್ಲಿ ಹಲವು ಕಿಲೋ ಮರಳಿ ಪಡೆಯುತ್ತಾರೆ. ಇದರಲ್ಲಿ ಅತಿ ಕಷ್ಟದ್ದು ಕೊನೆಯ ಒಂದೆರಡು ಕಿಲೋ. ನಡೆಯಲು ಶಕ್ತಿ ಉಳಿಯದಂತೆ ಮಾಡುವುದು ಅದೇ. ‘ಸಾಕು, ಇನ್ನಾಗದು’ ಎಂದು ಅಲ್ಲಿಗೇ ನಿಲ್ಲಿಸಿದವನು ಉಳಿಸಿಕೊಳ್ಳುವುದು ಒಂದೂವರೆ ಕಿಲೋ ಮೈಯನ್ನಷ್ಟೇ ಅಲ್ಲ, ಆ ಕೊನೆಯ ಸಂಕಟವನ್ನೂ ತಪ್ಪಿಸಿಕೊಳ್ಳುತ್ತಾನೆ. ಎದುರಿಗಿರುವವನು ಅದನ್ನು ಪೂರ್ತಿ ಉಂಡು ಬಂದಿರುತ್ತಾನೆ. ನೀರು ಬತ್ತಿದ ದೇಹದಲ್ಲಿ ತಲೆಗೆ ಬೀಳುವ ಪೆಟ್ಟು ಹೆಚ್ಚು ಅಪಾಯಕಾರಿ ಎಂದು ವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ.

2018ರ ಮಾರ್ಚ್ 1ರಂದು ಟೋಕಿಯೋದಲ್ಲಿ ನಡೆದದ್ದು ಇನ್ನೂ ಕಹಿ. 118 ಪೌಂಡ್ ಮಿತಿಯ ಪಂದ್ಯಕ್ಕೆ ಮೆಕ್ಸಿಕೋದ ಲೂಯಿಸ್ ನೇರಿ 5 ಪೌಂಡ್ ಹೆಚ್ಚಿಗೆ ತೂಗಿದ. ಮತ್ತೆ ಸಮಯ ಕೊಟ್ಟರೂ ಮಿತಿಗೆ ಬರಲಿಲ್ಲ. ತಕ್ಕಡಿಯ ಮೇಲೇ ಪಟ್ಟ ಕಳೆದುಕೊಂಡ ಅವನು ಮರುದಿನ ಎರಡನೇ ಸುತ್ತಿನಲ್ಲೇ ಶಿನ್ಸುಕೆ ಯಮನಾಕನನ್ನು ಮುಗಿಸಿದ. ಯಮನಾಕ ಅಲ್ಲಿಗೇ ಬಾಕ್ಸಿಂಗ್ ಬಿಟ್ಟ. ಜಪಾನ್ ನೇರಿಗೆ ತನ್ನ ಬಾಗಿಲು ಮುಚ್ಚಿತು. 2024ರಲ್ಲಿ ನವೋಯಾ ಇನೌಯೆಯ ವಿರುದ್ಧ ಅಲ್ಲಿ ಮತ್ತೆ ಅವಕಾಶ ಸಿಕ್ಕಾಗ ಅದೇ ನೇರಿ ಮಿತಿಯೊಳಗೇ ಬಂದ. ಬಾಗಿಲು ಮುಚ್ಚಿದರೆ ಪಾಠ ಕಲಿಯುತ್ತಾರೆ ಎನ್ನಲು ಇಷ್ಟು ಸಾಕು.

ತೂಕ ತಪ್ಪಿದವನನ್ನು ‘ಶಿಸ್ತಿಲ್ಲದವನು’ ಎಂದು ಜರಿಯುವುದು ಸುಲಭ. ಅದು ಅರ್ಧ ಸತ್ಯ ಮಾತ್ರ. 2005ರ ಅಕ್ಟೋಬರಿನಲ್ಲಿ ಹೋಸೆ ಲೂಯಿಸ್ ಕಾಸ್ಟಿಯೊ 135 ಪೌಂಡ್ ಮಿತಿಗೆ ಮೂರೂವರೆ ಪೌಂಡ್ ಹೆಚ್ಚು ತೂಗಿದ. ಡಿಯಾಗೊ ಕೊರಾಲೆಸ್ ಆದರೂ ಪಂದ್ಯಕ್ಕೆ ಒಪ್ಪಿ, ನಾಲ್ಕನೇ ಸುತ್ತಿನಲ್ಲಿ ನೆಲಕಚ್ಚಿದ. ಮರುವರ್ಷ ಜೂನ್‌ನಲ್ಲಿ ಕಾಸ್ಟಿಯೊ ಮತ್ತೆ ನಾಲ್ಕೂವರೆ ಪೌಂಡ್ ಹೆಚ್ಚು ಬಂದಾಗ ಕೊರಾಲೆಸ್ ಕಡೆಯವರು ಒಪ್ಪಲಿಲ್ಲ, ಪಂದ್ಯ ರದ್ದಾಯಿತು. ಅದಾದ ನಾಲ್ಕೇ ತಿಂಗಳಿಗೆ, ಇನ್ನೊಬ್ಬ ಎದುರಾಳಿಯ ಮುಂದೆ, ಆ ಕೊರಾಲೆಸನೇ ತೂಕ ತಪ್ಪಿ ಪಟ್ಟ ಕಳೆದುಕೊಂಡ! ಅನ್ಯಾಯದ ರುಚಿ ಕಂಡವನೇ ಅದನ್ನು ಮಾಡುವಂತಾಯಿತು ಎಂದರೆ ದೋಷ ಒಬ್ಬನ ನಾಲಿಗೆಯ ಚಪಲದಲ್ಲಿ ಮಾತ್ರ ಇಲ್ಲ. ವಯಸ್ಸಿನೊಂದಿಗೆ ಬೆಳೆದ ಮೈಯನ್ನು ಹಳೆಯ ಮಿತಿಗೇ ತುರುಕುವ ಆಸೆಯಲ್ಲೂ, ಅದನ್ನು ನೋಡಿಯೂ ಸುಮ್ಮನಿರುವ ವ್ಯವಸ್ಥೆಯಲ್ಲೂ ಇದೆ.

ಶಿಸ್ತು ಇರುವುದು ಕೊನೆಯ ವಾರದ ಬೆವರಿನಲ್ಲಲ್ಲ. ಅದು ಯುದ್ಧಕಾಲದ ಶಸ್ತ್ರಾಭ್ಯಾಸ. ಪಂದ್ಯವಿಲ್ಲದ ತಿಂಗಳುಗಳಲ್ಲಿ ಏನು ತೂಗುತ್ತೀಯ, ನಿನ್ನ ಮೈಗೆ ಯಾವ ಮಿತಿ ಸರಿ ಎಂಬುದನ್ನು ಒಪ್ಪಿಕೊಳ್ಳುತ್ತೀಯಾ ಎಂಬುದರಲ್ಲಿ ಅದಿದೆ. ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದು ಗೊತ್ತಿರುವ ಸಂಗತಿಯೇ: ರಿಲೀಸಿನ ಹಿಂದಿನ ರಾತ್ರಿಯ ಜಾಗರಣೆ ಶ್ರಮ ಹೌದು, ಶಿಸ್ತಲ್ಲ. ನಡುವೆ ತಪಾಸಣೆ ಇದ್ದರಷ್ಟೇ ಕೊನೆಯಲ್ಲಿ ಗಂಡಾಂತರ ತಪ್ಪುತ್ತದೆ. ವಿಶ್ವ ಬಾಕ್ಸಿಂಗ್ ಕೌನ್ಸಿಲ್‌ನ ಪಟ್ಟದ ಪಂದ್ಯಗಳಿಗೆ ಅಂಥ ನಿಯಮವೂ ಇದೆ. 30 ದಿನ ಮೊದಲು ತೂಕ ಮಿತಿಗಿಂತ ಶೇ 10ಕ್ಕಿಂತ ಹೆಚ್ಚಿರಬಾರದು, 7 ದಿನ ಮೊದಲು ಶೇ 5ಕ್ಕಿಂತ ಹೆಚ್ಚಿರಬಾರದು. ಇಂಥದ್ದು ಪಟ್ಟವಿರಲಿ ಬಿಡಲಿ, ಎಲ್ಲ ದೊಡ್ಡ ಪಂದ್ಯಗಳಿಗೂ ಬರಬೇಕು.

ದಂಡ ಹಾಕುತ್ತಾರಲ್ಲ ಎನ್ನುವವರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಕಾನರ್ ಬೆನ್ ಎದುರಿನ ಪಂದ್ಯಕ್ಕೆ ಕ್ರಿಸ್ ಯೂಬ್ಯಾಂಕ್ ಜೂನಿಯರ್ 0.05 ಪೌಂಡ್, ಅಂದರೆ ಸುಮಾರು 23 ಗ್ರಾಂ ಹೆಚ್ಚು ಬಂದದ್ದಕ್ಕೆ 5 ಲಕ್ಷ ಡಾಲರ್ ತೆರಬೇಕಾಯಿತು. ಮನಸ್ಸಿದ್ದರೆ ಕರಾರು ಎಷ್ಟು ಬಿಗಿಯಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಕೋಟಿಗಟ್ಟಲೆ ಗಳಿಸುವವನಿಗೆ ದಂಡವೆಂದರೆ ಅನುಕೂಲಕ್ಕೆ ಕೊಡುವ ಬಾಡಿಗೆಯಾಗಿಬಿಡುತ್ತದೆ. ಸಣ್ಣ ಬಾಕ್ಸರ್‌ನ ಪಾಡೇ ಬೇರೆ. ಎದುರಾಳಿ ತೂಕ ತಪ್ಪಿದ್ದಾನೆಂದು ಅವನು ಪಂದ್ಯ ಬೇಡವೆಂದರೆ ತಿಂಗಳುಗಟ್ಟಲೆ ಪಟ್ಟ ಶ್ರಮದ ಕೂಲಿಯೇ ಕೈತಪ್ಪುವ ಭಯ. ಮನೆ ಬಾಡಿಗೆ, ತರಬೇತುದಾರನ ಪಾಲು ಎಲ್ಲ ನೆನಪಾಗಿ ‘ಆಗಲಿ’ ಎನ್ನುತ್ತಾನೆ. ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ನಾನು ಬಯಸುವುದು ಒಂದೇ ನಿಯಮ. ತೂಕಕ್ಕೆ ಸರಿಯಾಗಿ ಬಂದವನು ‘ನಾನು ಆಡುವುದಿಲ್ಲ’ ಎಂದರೆ ಅವನ ಪೂರ್ತಿ ಸಂಭಾವನೆ ಅವನ ಕೈಸೇರಬೇಕು. ಅದನ್ನು ತೂಕ ತಪ್ಪಿದವನೂ ಪಂದ್ಯದ ಆಯೋಜಕರೂ ಸೇರಿ ಕಟ್ಟಿಕೊಡಬೇಕು. ಟಿಕೆಟ್ ಕೊಂಡವರಿಗೆ ನಿರಾಸೆಯಾಗುತ್ತದೆ, ನಿಜ. ನನ್ನಂಥವರ ಭಾನುವಾರದ ಬೆಳಗೂ ಹಾಳಾಗುತ್ತದೆ, ಅದೂ ನಿಜ. ಆದರೆ ಆಯೋಜಕರ ಕಿಸೆಗೆ ಬಿಸಿ ತಟ್ಟಿದ ದಿನವೇ ತಮ್ಮ ಬಾಕ್ಸರ್ ಏನು ತೂಗುತ್ತಿದ್ದಾನೆ ಎಂದು ಅವರು ತಿಂಗಳ ಮೊದಲೇ ವಿಚಾರಿಸತೊಡಗುತ್ತಾರೆ.