ಕೌದಿಯ ಬೆಲೆ, ಮೇಳದ ಲೆಕ್ಕ

ಬೀದರ ಎಂದೊಡನೆ ಕರಕುಶಲ ಪ್ರಿಯರಿಗೆ ನೆನಪಾಗುವುದು ಬಿದ್ರಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಕಪ್ಪು ಮೈಮೇಲೆ ಬೆಳ್ಳಿಯ ಎಳೆಗಳನ್ನು ಕೂರಿಸುವ ಆ ಕಲೆ ಬಹಮನಿ ಅರಸರ ಆಶ್ರಯದಲ್ಲಿ ಬೆಳೆಯಿತು. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಅದೇ ನಗರದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಕಮಠಾಣದಂಥ ಊರಿನಲ್ಲಿ, ಭಾಲ್ಕಿ ಮತ್ತು ಔರಾದಿನ ಹಳ್ಳಿ ತಾಂಡಾಗಳಲ್ಲಿ, ಬಡವರ ಮನೆಗೆ ಒದಗಿಬಂದ ಕೈಕೆಲಸ ಬಿದ್ರಿಯ ಹೂದಾನಿಯಲ್ಲ. ಹಳೆಯ ಸೀರೆ, ಧೋತ್ರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ. ಅದಕ್ಕೆ ಪ್ರಶಸ್ತಿಯಿಲ್ಲ. ಹೊಲಿದವಳ ಹೆಸರೂ ಅದರ ಮೇಲಿರುವುದಿಲ್ಲ. ಕಳೆದ ಎರಡು ದಶಕಗಳಿಂದ ಈ ಕೌದಿಯೂ ಅದರ ಬಂಧುಬಳಗದಂತಿರುವ ಅಡಿಕೆ ಚಂಚಿ, ಕೂಸಿನ ಕುಲಾವಿ, ದಿಂಬಿನ ಗಲೀಫು, ಕೈಚೀಲಗಳೂ ಕರಕುಶಲ ಮೇಳಗಳ ಮಳಿಗೆಗಳಿಗೆ ಬರತೊಡಗಿವೆ. ಬಂದದ್ದು ಸಂತೋಷದ ಸಂಗತಿಯೇ. ಮೇಳ ಮುಗಿಸಿ ಮರಳುವಾಗ ಹೊಲಿದವಳ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಮಲೆನಾಡಿಗರಿಗೆ ಪರಿಚಿತವಾದ ಜಂಬಿಟ್ಟಿಗೆ ಕಲ್ಲೇ ಬೀದರಿನ ಪ್ರಸ್ಥಭೂಮಿಯಲ್ಲೂ ಇದೆ. ಮಲೆನಾಡಿನ ಮಳೆ ಮಾತ್ರ ಅಲ್ಲಿಲ್ಲ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಬೀಳುವ ಚಳಿ ರಾಜ್ಯದ ಅತಿ ತೀಕ್ಷ್ಣ ಚಳಿಗಳಲ್ಲೊಂದು. ಘಟ್ಟದ ಮೇಲಿನ ಮನೆಗಳಲ್ಲಿ ಕಂಬಳಿಗೆ ಯಾವ ಸ್ಥಾನವಿತ್ತೋ ಆ ಸ್ಥಾನ ಅಲ್ಲಿ ಕೌದಿಗಿತ್ತು. ಹಾಸಲು ಅದೇ, ಹೊದೆಯಲು ಅದೇ. ಬಾಣಂತಿಯ ಮಗ್ಗುಲಲ್ಲಿ ಮಗುವಿಗೆ ಮೆತ್ತಗಿನ ಹಾಸಿಗೆಯೂ ಅದೇ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಆ ಸೀಮೆಯಲ್ಲಿ ಕನ್ನಡದವರು ಕೌದಿ ಎಂದರೆ ಮರಾಠಿಯವರು ಗೋಧಡಿ ಎನ್ನುತ್ತಾರೆ, ತೆಲುಗಿನವರು ಬೊಂತ ಎನ್ನುತ್ತಾರೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ ಇದೇ ಜಾತಿಗೆ ಸೇರಿದವು. ಹರಿದ ಬಟ್ಟೆಯನ್ನು ಎಸೆಯಲು ಮನಸ್ಸಾಗದ ಹೆಂಗಸರು ಈ ಉಪಖಂಡದ ಎಲ್ಲ ಮೂಲೆಗಳಲ್ಲಿಯೂ ಇದ್ದರು.

ಕೌದಿಗೆ ಐದಾರು ಹಳೆಯ ಸೀರೆ ಬೇಕು. ಮೆತ್ತಗಾದ ಇಳಕಲ್ ಸೀರೆಯೋ ಧೋತ್ರವೋ ಒಳಪದರವಾಗುತ್ತದೆ. ಗಟ್ಟಿಯಾಗಿ ಉಳಿದ ಅಂಚು, ಸೆರಗು, ಕುಪ್ಪಸದ ತುಂಡುಗಳು ಮೇಲ್ಮೈಗೆ ಚೌಕ ಚೌಕವಾಗಿ ಬರುತ್ತವೆ. ಆಮೇಲೆ ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಸಾದಾ ಹೊಲಿಗೆ. ಸಾಲುಗಳು ಹತ್ತಿರವಾದಷ್ಟೂ ಕೌದಿಯ ಬಾಳಿಕೆ ಹೆಚ್ಚು, ಕೆಲಸವೂ ಹೆಚ್ಚು. ಮನೆಯ ಹೆಂಗಸರು ಬಿಡುವಿನಲ್ಲಿ ತಾವೇ ಹೊಲಿಯುತ್ತಿದ್ದರು. ಇಲ್ಲವಾದರೆ ಉತ್ತರ ಕರ್ನಾಟಕದ ಹಲವೆಡೆ ಊರೂರು ತಿರುಗುವ ಗೋಂಧಳಿ ಸಮುದಾಯದ ಹೆಂಗಸರು ಬಂದು, ಮನೆಯವರು ಕೊಟ್ಟ ಬಟ್ಟೆಯಲ್ಲಿ ಕೌದಿ ಹೊಲಿದು, ಜೋಳವನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಕೊನೆಯ ತೇಪೆ ಮುಚ್ಚುವ ಮುನ್ನ ಅದರೊಳಗೆ ಕಾಳನ್ನೋ ತಿನಿಸಿನ ಚೂರನ್ನೋ ಇಟ್ಟು ಕೌದಿಯ ‘ಹೊಟ್ಟೆ ತುಂಬಿಸುವ’ ಪದ್ಧತಿ ಕೆಲವೆಡೆ ಇದೆ. ಹೊದೆಯುವವರ ಹೊಟ್ಟೆ ತಣ್ಣಗಿರಲಿ ಎಂಬ ಹಾರೈಕೆ ಅದು. ಹೊಲಿಯುವವಳ ಹೊಟ್ಟೆಯ ಮಾತು ಬೇರೆ: ಜಗಲಿಯಲ್ಲೇ ಕೂತು ಹೊಲಿದು ಜಗಲಿಯಿಂದಲೇ ಹೊರಟುಹೋಗುವ ಆಕೆಗೆ ಸೇರಷ್ಟು ಜೋಳ ಅಳೆದು ಹಾಕಿದ್ದನ್ನು ನ್ಯಾಯವಾದ ಕೂಲಿ ಎಂದು ಕರೆಯಲು ಸಾಧ್ಯವಿಲ್ಲ. ಹಳೆಯದೆಲ್ಲ ಒಳ್ಳೆಯದಾಗಿತ್ತು ಎಂದು ಹಾಡಿಹೊಗಳುವವರು ಈ ಜಗಲಿಯನ್ನು ಒಮ್ಮೆ ನೆನೆಯಬೇಕು.

ಆದರೂ ಆ ಹಳೆಯ ಏರ್ಪಾಡಿನಲ್ಲಿ ಗಮನಿಸಬೇಕಾದ ಒಂದು ಅಂಶವಿತ್ತು. ಬಟ್ಟೆ ಗಿರಾಕಿಯದು, ಕೆಲಸ ಹೊಲಿಯುವವಳದು. ಸೂಜಿ, ದಾರ ಬಿಟ್ಟರೆ ಆಕೆ ಬಂಡವಾಳ ಹೂಡಬೇಕಾಗಿರಲಿಲ್ಲ. ಹೊಲಿದದ್ದು ಮಾರಾಟವಾಗದೆ ಉಳಿಯುವ ಭಯವೂ ಇರಲಿಲ್ಲ, ಏಕೆಂದರೆ ಕೇಳಿದವರಿಗಾಗಿಯೇ ಹೊಲಿಯುತ್ತಿದ್ದಳು. ಹೊಸ ಬಟ್ಟೆಯ ಒಂದು ಗೇಣೂ ಅದಕ್ಕೆ ಬೇಕಾಗಿರಲಿಲ್ಲ. ಒಂದು ಕಿಲೋ ಹತ್ತಿಬಟ್ಟೆ ಸಿದ್ಧವಾಗಲು, ಬೆಳೆಯಿಂದ ಬಣ್ಣದವರೆಗೆ, ಜಾಗತಿಕ ಸರಾಸರಿಯಲ್ಲಿ ಸುಮಾರು ಹತ್ತು ಸಾವಿರ ಲೀಟರು ನೀರು ವೆಚ್ಚವಾಗುತ್ತದೆಂದು ಜಲತಜ್ಞರು ಲೆಕ್ಕ ಹಾಕಿದ್ದಾರೆ. ಬೇಸಿಗೆಯಲ್ಲಿ ಕೊಡ ನೀರಿಗೆ ಪರದಾಡುವ ಸೀಮೆಯ ಹೆಣ್ಣುಮಗಳು ಇಂಥ ಲೆಕ್ಕವನ್ನು ಓದದೆಯೇ ಆ ಬಟ್ಟೆಯ ಆಯುಸ್ಸನ್ನು ಇನ್ನೊಂದು ಹತ್ತು ವರ್ಷ ಹೆಚ್ಚಿಸುತ್ತಿದ್ದಳು.

ಬದಲಾವಣೆ ಎರಡು ಕಡೆಯಿಂದ ಬಂತು. ಹತ್ತಿಯ ಸೀರೆಯ ಜಾಗದಲ್ಲಿ ಪಾಲಿಯೆಸ್ಟರ್ ಸೀರೆ ಬಂತು. ಅದು ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಗೆ ಜಾರುತ್ತದೆ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಅದರ ಕೌದಿಗೆ ಹೊಳಪಿದೆ, ಹಿತವಿಲ್ಲ. ಜೊತೆಗೆ ಸೊಲ್ಲಾಪುರದ ಚಾದರವೂ ಪಾಣಿಪತ್ತಿನ ಗಿರಣಿಗಳ ಕಂಬಳಿಯೂ ಕೆಲವೇ ನೂರು ರೂಪಾಯಿಗೆ ಸಂತೆಯಲ್ಲಿ ಸಿಗತೊಡಗಿದವು. ಪಾಣಿಪತ್ತಿನ ಕಂಬಳಿಯಲ್ಲಿ ಬಹುಪಾಲು ಜಗತ್ತಿನ ನಾನಾ ದೇಶಗಳು ಎಸೆದ ಹಳೆಯ ಬಟ್ಟೆಯನ್ನೇ ಯಂತ್ರದಲ್ಲಿ ಚಿಂದಿ ಮಾಡಿ ನೂತದ್ದು ಎಂಬುದು ವಿಚಿತ್ರ ಸತ್ಯ. ಪರದೇಶದ ಹಳೆಯ ಬಟ್ಟೆ ಬೀದರಿನ ಹಳೆಯ ಬಟ್ಟೆಯನ್ನು ಮನೆಯಿಂದ ಹೊರಗಟ್ಟಿತು.

ಇನ್ನೊಂದು ಕಡೆಯಿಂದ ಬಂದದ್ದು ಸ್ವಸಹಾಯ ಗುಂಪು. 2000-01ರಲ್ಲಿ ರಾಜ್ಯ ಸರಕಾರ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿತು. ಅದಕ್ಕೂ ಮೊದಲೇ ಮಹಿಳಾ ಗುಂಪುಗಳಿಗೆ ಸಾಲ ಕೊಡಲು ಮುಂದಾಗಿದ್ದ ಬೀದರ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಈ ವಿಷಯದಲ್ಲಿ ರಾಜ್ಯದ ಹೊರಗೂ ಹೆಸರು ಪಡೆಯಿತು. ಲೇವಾದೇವಿಗಾರನ ಮನೆಯ ಮೆಟ್ಟಿಲು ಹತ್ತುತ್ತಿದ್ದ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಸಣ್ಣ ಸಂಗತಿಯಲ್ಲ. ಸಾಲ ಸಿಕ್ಕ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೆ ದೊರೆಯುತ್ತಿದ್ದ ಸಿದ್ಧ ಉತ್ತರಗಳಲ್ಲಿ ಹೊಲಿಗೆಯೂ ಒಂದು. ಯಂತ್ರ ತರಬಹುದು, ಮೂರು ತಿಂಗಳ ತರಬೇತಿ ಪಡೆಯಬಹುದು, ಚೀಲ ಹೊಲಿದು ಸರಸ್ ಮೇಳಕ್ಕೆ ಒಯ್ಯಬಹುದು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲದ ನಿಷೇಧವಾದಾಗಲೂ, 2022ರ ಜುಲೈಯಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ನಿಷೇಧಿಸಿದಾಗಲೂ, ಬಟ್ಟೆಚೀಲಕ್ಕೆ ಕಾಲ ಬಂತೆಂದು ಭಾವಿಸಿದವರು ಬಹಳ. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಆ ಜಾಗವನ್ನು ಹಿಡಿದುಕೊಂಡಿತು. ಅದೂ ಪ್ಲಾಸ್ಟಿಕ್ಕೇ ಎಂಬುದು ಕೊಳ್ಳುವವರಲ್ಲಿ ಅನೇಕರಿಗೆ ಇಂದಿಗೂ ತಿಳಿದಿಲ್ಲ.

ಈಗ ಮೇಳದ ಲೆಕ್ಕಕ್ಕೆ ಬರಬೇಕು. ದೊಡ್ಡ ಅಳತೆಯ ಕೌದಿಗೆ ಒಬ್ಬಾಕೆ ದಿನಕ್ಕೆ ಎಂಟು ಗಂಟೆಯಂತೆ ಹತ್ತು ದಿನ ಕೂತಳೆಂದುಕೊಳ್ಳೋಣ. ಒತ್ತು ಹೊಲಿಗೆಯಾದರೆ ಇದಕ್ಕಿಂತ ಹೆಚ್ಚೇ ಬೇಕು. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 349 ರೂಪಾಯಿ ಇತ್ತು. ಕೆರೆಯ ಹೂಳೆತ್ತುವ ಕೆಲಸಕ್ಕೆ ಸರಕಾರ ಕೊಟ್ಟ ಆ ಕನಿಷ್ಠ ಕೂಲಿಯನ್ನೇ ಕೌದಿಗೆ ಹಾಕಿದರೂ ಬರಿಯ ದುಡಿಮೆಯ ಬಾಬತ್ತು 3,490 ರೂಪಾಯಿ. ದಾರ, ಸೂಜಿ, ಬೀದರಿನಿಂದ ಏಳುನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿಗೆ ಹೋಗಿಬರುವ ಖರ್ಚು, ಊಟ, ವಸತಿ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಮತ್ತು ದನಕರುಗಳ ಯೋಚನೆ ಇವೆಲ್ಲ ಅದರ ಮೇಲೆ. ಗಿರಾಕಿ ಕೌದಿಯನ್ನು ತಿರುವಿ ನೋಡಿ, ಹಳೆಯ ಬಟ್ಟೆಗೆ ಇಷ್ಟು ದುಡ್ಡೇ ಎಂದು ಸಾವಿರಕ್ಕೆ ಕೇಳುತ್ತಾನೆ. ಮೇಳದ ಕೊನೆಯ ಸಂಜೆ, ಹೊತ್ತುಕೊಂಡು ಮರಳುವುದಕ್ಕಿಂತ ಮೇಲೆಂದು ಆಕೆ ಕೊಟ್ಟುಬಿಡುತ್ತಾಳೆ. ದಿನಕ್ಕೆ ನೂರು ರೂಪಾಯಿಯೂ ಗಿಟ್ಟಲಿಲ್ಲ. ಉಳಿದ ಮಾಲಿನಲ್ಲಿ ಗುಂಪಿನ ಸಾಲದ ಹಣ ಸಿಕ್ಕಿಹಾಕಿಕೊಂಡು, ಬಡ್ಡಿ ಬೆಳೆಯುತ್ತದೆ. ಮೇಳದ ವರದಿಯಲ್ಲಿ ಮಾತ್ರ ಒಟ್ಟು ವಹಿವಾಟಿನ ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ.

ಇದರಿಂದ ಪಾರಾಗಲು ಹಲವರು ಹಿಡಿದ ದಾರಿ ಇನ್ನೂ ಚಿಂತೆಗೆ ಕಾರಣವಾಗಿದೆ. ಹಳೆಯ ಬಟ್ಟೆಯೆಂದರೆ ಮೂಗು ಮುರಿಯುವ ಗಿರಾಕಿಗಾಗಿ ಥಾನುಗಟ್ಟಲೆ ಹೊಸ ಬಟ್ಟೆ ತಂದು, ಅದನ್ನು ಬೇಕೆಂದೇ ತುಂಡು ಮಾಡಿ, ಯಂತ್ರದಲ್ಲಿ ಜೋಡಿಸಿ ‘ಕೌದಿ ವಿನ್ಯಾಸ’ ಎಂದು ಮಾರುವುದು. ಬಡತನ ಕಲಿಸಿದ ಮಿತವ್ಯಯದ ತೇಪೆಯನ್ನು ಅಲಂಕಾರಕ್ಕಾಗಿ ನಕಲು ಮಾಡಲು ಹೊಸ ಬಟ್ಟೆ ಪೋಲಾಗುತ್ತಿದೆ. ಹೊಲಿಯುವವಳ ಪಾಲಿಗೂ ಇದರಿಂದ ಲಾಭ ಕಡಿಮೆ. ಬಟ್ಟೆಗೆ ಬಂಡವಾಳ ಬೇಕಾದೊಡನೆ ಬಂಡವಾಳವಿದ್ದವನು ಮುಂದೆ ಬರುತ್ತಾನೆ, ಆಕೆ ಅವನ ಕೂಲಿಯಾಳಾಗುತ್ತಾಳೆ.

ಈ ಮಾತು ಬಯಲುಸೀಮೆಗೆ ಮಾತ್ರ ಸೇರಿದ್ದೆಂದು ಘಟ್ಟದ ಓದುಗರು ಭಾವಿಸಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬಾಳುವ ಸಿದ್ದಿ ಸಮುದಾಯದ ಹೆಂಗಸರು ತಲೆಮಾರುಗಳಿಂದ ಹಳೆಯ ಬಟ್ಟೆಯ ಕೌದಿ ಹೊಲಿಯುತ್ತ ಬಂದವರು. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲಾ’ ಇಡದಿದ್ದರೆ ಅವರ ಕಣ್ಣಿಗೆ ಕೌದಿ ಪೂರ್ಣವಾಗದು. 2004ರಲ್ಲಿ ಅಮೆರಿಕದ ಕಲಾ ವಿದ್ವಾಂಸ ಹೆನ್ರಿ ಡ್ರೂವಾಲ್ ಮತ್ತು ಸಂಗಡಿಗರ ನೆರವಿನಿಂದ ಅವರ ಸಹಕಾರಿ ಗುಂಪು ರೂಪುಗೊಂಡಿತು. ಆ ಕೌದಿಗಳು ಕಡಲಾಚೆಯ ಪ್ರದರ್ಶನಶಾಲೆಗಳ ಗೋಡೆಗಳ ಮೇಲೆ ತೂಗಿದವು. ಕಾಡಂಚಿನ ಜೋಪಡಿಯ ಹೊದಿಕೆಗೆ ದೂರದ ಊರಿನಲ್ಲಿ ಕಲಾಕೃತಿಯ ಮನ್ನಣೆ ಸಿಕ್ಕಿತು. ಆದರೆ ಅದೇ ಹೊದಿಕೆಯನ್ನು ಪಕ್ಕದ ಪೇಟೆಯಲ್ಲಿ ಬಿಚ್ಚಿ ಹಾಸಿದರೆ ಕೊಳ್ಳುವವರೆಷ್ಟು ಜನ? ಸೊಂಡೂರಿನ ಲಂಬಾಣಿ ಕಸೂತಿಯ ಕಥೆ ಸ್ವಲ್ಪ ಭಿನ್ನ. ಅಲ್ಲಿಯ ಕುಶಲ ಕಲಾ ಕೇಂದ್ರದಂಥ ಸಂಸ್ಥೆ ದಶಕಗಳ ಕಾಲ ಹೆಂಗಸರ ಮತ್ತು ಮಾರುಕಟ್ಟೆಯ ನಡುವೆ ನಿಂತಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ನಾಲ್ಕುನೂರ ಐವತ್ತಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಮೂಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಔರಾದಿನ ತಾಂಡಾಗಳಲ್ಲಿಯೂ ಲಂಬಾಣಿಗರಿದ್ದಾರೆ. ಕನ್ನಡಿ ಕವಡೆಗಳ ಆ ಉಡುಪು ಅಜ್ಜಿಯರೊಂದಿಗೆ ಪೆಟ್ಟಿಗೆ ಸೇರುತ್ತಿದೆ.

ಹಾಗಾದರೆ ಮೇಳಗಳನ್ನು ನಿಲ್ಲಿಸಬೇಕೆ? ಬೇಕಾಗಿಲ್ಲ. ಮೇಳದಲ್ಲಿ ನಡೆಯುವ ವ್ಯವಹಾರದ ರೀತಿ ಬದಲಾಗಬೇಕು. ಹೊಲಿದ ಮಾಲನ್ನು ರಾಶಿ ಹಾಕಿ ಕಾಯುವ ಮಳಿಗೆಗೆ ಬದಲಾಗಿ, ಗಿರಾಕಿಯ ಹಳೆಯ ಬಟ್ಟೆಯನ್ನು ಪಡೆದು ಕೆಲಸ ಒಪ್ಪಿಕೊಳ್ಳುವ ಮಳಿಗೆ ಬರಬೇಕು. ಮಾದರಿಗೆ ಎರಡು ಮೂರು ಕೌದಿ, ಎರಡು ಚೀಲ, ಒಂದು ಕುಲಾವಿ ತೂಗುಹಾಕಿದರೆ ಸಾಕು. ಮೇಳದ ಕರಪತ್ರದಲ್ಲೇ, ಹತ್ತಿಯ ಹಳೆಯ ಸೀರೆಗಳನ್ನು ಒಗೆದು ತನ್ನಿರೆಂದು ಅಚ್ಚು ಹಾಕಬೇಕು. ಅಜ್ಜಿಯ ಸೀರೆಯಿಂದ ಮೊಮ್ಮಗುವಿಗೆ ಕೌದಿ ಮಾಡಿಸುವವನು ಅದನ್ನು ಪಾಣಿಪತ್ತಿನ ಕಂಬಳಿಯೊಂದಿಗೆ ತೂಗಿ ನೋಡುವುದಿಲ್ಲ. ಅವನು ಕೊಡುವುದು ಬಟ್ಟೆಯ ಬೆಲೆಯನ್ನಲ್ಲ, ಕೈಯ ಕೂಲಿಯನ್ನು. ಕೂಲಿ ದಿನಕ್ಕೆ ಇಷ್ಟು, ದಿನ ಇಷ್ಟು ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಚೌಕಾಸಿಗೆ ಎಡೆ ಕಡಿಮೆ. ಅರ್ಧ ಹಣ ಮುಂಗಡವಾಗಿ ಬಂದರೆ ಸಾಲದ ಮಾತೇ ಇಲ್ಲ.

ಇದಕ್ಕೆ ಅಡ್ಡಿಗಳಿವೆ. ಪರರು ಉಟ್ಟ ಬಟ್ಟೆ ಮುಟ್ಟುವುದರ ಸುತ್ತ ಮಡಿ-ಮೈಲಿಗೆಯ, ಜಾತಿಯ ಹಳೆಯ ಅಳುಕಿದೆ. ಚಿಂದಿ ಹೊಲಿಯುವವಳು ಎಂಬ ಹೆಸರಿಗೆ ಅಂಜಿ ಚೆನ್ನಾಗಿ ಹೊಲಿಯಬಲ್ಲ ಎಳೆಯ ಹುಡುಗಿಯರು ಈ ಕೆಲಸದಿಂದ ದೂರ ಸರಿಯುತ್ತಾರೆ. ಯಾವ ಬಟ್ಟೆ ಯಾರದೆಂಬ ಗುರುತು ತಪ್ಪದಂತೆ ಇಡುವುದು ಕೂಡ ಚಿಕ್ಕ ಕೆಲಸವಲ್ಲ. ಗುಂಪಿನಲ್ಲಿ ಓದುಬರಹ ಬಲ್ಲ ಒಬ್ಬಳು ಅದಕ್ಕೇ ನಿಲ್ಲಬೇಕು. ಇಲ್ಲಿ ವಿದ್ಯಾರ್ಥಿಗಳಿಗೆ ಕೆಲಸವಿದೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವ ಜೊತೆಗೆ, ತಮ್ಮ ಊರಿನಲ್ಲಿ ಕೌದಿ ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ, ಒಂದು ಕೌದಿಗೆ ನಿಜವಾಗಿ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಕೂತು ಬರೆದುಕೊಂಡರೆ ಮೇಳ ನಡೆಸುವವರ ಮುಂದಿಡಲು ಅದಕ್ಕಿಂತ ಬಲವಾದ ಕಾಗದ ಬೇರೊಂದಿರಲಾರದು.

ಇಂಥ ಮೇಳಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಯೂ ಇಲ್ಲ. ಗಿರಾಕಿ ಹತ್ತಿರದವನಾದರೆ ಬಟ್ಟೆ ತಂದುಕೊಡಲೂ ಕೌದಿ ಒಯ್ಯಲೂ ಸುಲಭ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಮೂರು ರಾಜ್ಯಗಳ ಜನ ಬರುತ್ತಾರೆ. ಮಲೆನಾಡಿನಲ್ಲಿ ಹಲಸಿನ ಮೇಳ, ಬೀಜದ ಮೇಳಗಳಿವೆ. ಹಣ್ಣಿನ ಮಳಿಗೆಯ ಪಕ್ಕದಲ್ಲಿ ಸೂಜಿ ದಾರದ ಒಂದು ಚಾಪೆಗೆ ಜಾಗ ಮಾಡಲು ಯಾವ ಅನುದಾನವೂ ಬೇಡ. ಹುಮನಾಬಾದಿನ ಜಾತ್ರೆ ಬರುವುದು ಜನವರಿಯ ಚಳಿಯಲ್ಲಿ, ಹೊದಿಕೆಯ ನೆನಪು ಎಲ್ಲರಿಗೂ ಇರುವಾಗ. ಆಗ ಒಪ್ಪಿಕೊಂಡ ಕೆಲಸವನ್ನು ರಾಶಿ ಮುಗಿದ ಮೇಲೆ, ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೊಲಿದರೆ ಮೊದಲ ಮಳೆಗೆ ಮುಂಚೆ ಕೌದಿ ಸಿದ್ಧವಾಗುತ್ತದೆ. ಬಿತ್ತನೆಗೆ ಕೈಯಲ್ಲಿ ಕಾಸಿಲ್ಲದ ಹೊತ್ತಿಗೆ ಉಳಿದರ್ಧ ಕೂಲಿಯೂ ಮನೆಗೆ ಬರುತ್ತದೆ.