ಆಳು ಬಂತಾ?

ಮೂಡಿಗೆರೆ ಕಡೆ ಡಿಸೆಂಬರ್ ಬಂತು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಆಳೇ ಸಿಗ್ತಿಲ್ಲ ಮಾರಾಯ್ರೆ." ಅರೇಬಿಕಾ ಹಣ್ಣಾಗಿ ಉದುರ್ತಿರುತ್ತೆ, ಅದರ ಬೆನ್ನಿಗೇ ರೋಬಸ್ಟಾ, ಆಮೇಲೆ ಮೆಣಸು. ವಾರವಿಡೀ ಬೆಂಗಳೂರಿನ ಆಫೀಸಲ್ಲಿದ್ದು ಶನಿವಾರ ತೋಟಕ್ಕೆ ಹೋಗುವ ನಮ್ಮ ವಯಸ್ಸಿನವರೂ ಇದನ್ನೇ ಹೇಳ್ತಾರೆ. ಕಷ್ಟ ನಿಜವೇ. ನನ್ನ ತಕರಾರಿರೋದು ಆ ಮಾತಿನ ಮೊದಲ ಪದದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ನಾವು ಹಚ್ಚುವ ಕ್ರಿಯಾಪದದ ಬಗ್ಗೆ.

"ಇವತ್ತು ಎಷ್ಟಾಳು ಬಂತು?" ಮಳೆ ಬಂತು, ಬಸ್ಸು ಬಂತು, ಆಳು ಬಂತು. ಎಂಎಲ್ಎ ಮಾತ್ರ ಬಂದರು.

ಇದು ಪದದ ತಪ್ಪಲ್ಲ. ಹಳಗನ್ನಡದಲ್ಲಿ 'ಆಳ್' ಅಂದರೆ ಸೇವಕನೂ ಹೌದು, ಯೋಧನೂ ಹೌದು. ಚೆಸ್ ಆಡುವವರಿಗೆ ಕಾಲಾಳು ಗೊತ್ತು. ಕಟ್ಟಾಳು ಅನ್ನೋದು ಇವತ್ತಿಗೂ ಹೊಗಳಿಕೆ. ಆಳೆತ್ತರ ಅಂದಾಗ ಅದು ಬರೀ ಮನುಷ್ಯ. ರಾಜ್ಯ 'ಆಳು'ವುದು ಬೇರೆಯೇ ಬೇರಿನ ಪದ. ತೆಲುಗಿನಲ್ಲಿ ಅದು 'ಏಲು'. ಬಾವಿಯ 'ಆಳ'ದ್ದು ಮೂರನೇ ಬೇರು. ಹಿಂದೆ ಅದನ್ನು ಈಗ ಬಿಟ್ಟುಹೋಗಿರುವ 'ೞ' ಅಕ್ಷರದಲ್ಲಿ ಬರೀತಿದ್ದರು. ಮೂರೂ ಸವೆದು ಈಗ ಹೆಚ್ಚುಕಮ್ಮಿ ಒಂದೇ ಸದ್ದು. ಇನ್ನು ಮಲಯಾಳದಲ್ಲಿ 'ಆಳ್' ಅಂದರೆ ವ್ಯಕ್ತಿ, ಅಷ್ಟೇ. ಅಲ್ಲಿ ಡಾಕ್ಟರೂ ಆಳೇ. ತಮಿಳು ಹುಡುಗ 'ಎನ್ ಆಳು' ಅಂದರೆ ಅವನು ಹೇಳ್ತಿರೋದು ತನ್ನ ಹುಡುಗಿ ಬಗ್ಗೆ!

ಯುರೋಪಿನಲ್ಲೂ ಇದೇ ಕತೆ. ಹುಡುಗ, ಸೇವಕ ಅನ್ನೋ ಅರ್ಥವಿದ್ದ ಒಂದು ಹಳೇ ಪದ ಜರ್ಮನಿಯಲ್ಲಿ 'ಕ್ನೆಖ್ಟ್' ಆಗಿ ಹೊಲದಾಳಾಗಿಯೇ ಉಳಿಯಿತು. ಅದೇ ಪದ ಇಂಗ್ಲೆಂಡಿನಲ್ಲಿ 'ನೈಟ್' ಆಗಿ ಕುದುರೆ ಹತ್ತಿತು, ಹೆಸರಿನ ಹಿಂದೆ 'ಸರ್' ಸೇರಿಸಿಕೊಂಡಿತು. ಸ್ಪ್ಯಾನಿಷಿನ 'ಪೆಓನ್' ನಮ್ಮ ಆಳಿನ ಹಾಗೇ: ಕಾಲಾಳು, ದಿನಗೂಲಿಯವನು, ಎರಡೂ. ಅದರ ಪೋರ್ಚುಗೀಸ್ ದಾಯಾದಿ ಇಂಡಿಯಾಕ್ಕೆ ಬಂದು ನಮ್ಮ ಕಚೇರಿಗಳಲ್ಲಿ 'ಪ್ಯೂನ್' ಆಯ್ತು. ಪದ ತಾನಾಗಿ ಮೇಲೇರಲ್ಲ, ಕೆಳಗಿಳಿಯಲ್ಲ. ಅದನ್ನು ಕರೆಯುವವರು ಯಾರು, ಓಗೊಡುವವರು ಯಾರು ಅನ್ನೋದರ ಮೇಲೆ ಅದರ ಹಣೆಬರಹ.

ಹಾಗಾದ್ರೆ 'ಲೇಬರ್' ಅನ್ನೋಣ ಅಂತಾರೆ ಕೆಲವರು. "ಲೇಬರ್ ಬಂದಿಲ್ಲ" ಅಂದಾಗಲೂ ಅದು 'ಬಂದಿಲ್ಲ'ವೇ ತಾನೇ? ಆಫೀಸಿನಲ್ಲಿ ಮ್ಯಾನೇಜರ್ "ಎರಡು ರಿಸೋರ್ಸ್ ಬೇಕು" ಅಂದಾಗ ನಮಗೆ ಉರಿಯುತ್ತಲ್ಲ, ಆ ಉರಿ ತೋಟ ಮುಟ್ಟುವಷ್ಟರಲ್ಲಿ ಯಾಕೆ ಆರಿಹೋಗುತ್ತೆ?

ಸಮಾನ ವೇತನದ ಕಾಯ್ದೆ ಬಂದಿದ್ದು 1976ರಲ್ಲಿ. ಗಂಡಾಳಿಗೊಂದು ರೇಟು, ಹೆಣ್ಣಾಳಿಗೊಂದು ರೇಟು ಅನ್ನೋ ಮಾತು ಇನ್ನೂ ಕಿವಿಗೆ ಬೀಳುತ್ತೆ. ಕಾಫಿ ಕುಯ್ಯುವವರಲ್ಲಿ ಹೆಂಗಸರೇ ಜಾಸ್ತಿ ಅನ್ನೋದು ಗೊತ್ತಿದ್ದೂ. "ಆಳು ಮಾಡಿದ್ದು ಹಾಳು" ಅಂತ ಗಾದೆ ಬೇರೆ. ಮರಗಸಿಗೆ ಸಿಲ್ವರ್ ಓಕ್ ಹತ್ತುವವರು ಯಾರು? ಏಣಿ ಹಾಕಿ ಮೆಣಸು ಕುಯ್ಯುವವರು ಯಾರು? ಇದೇ ಮೂಡಿಗೆರೆಯಲ್ಲಿ ಕೂತು ಬರೆದ ತೇಜಸ್ವಿಯವರ 'ಕರ್ವಾಲೋ'ದಲ್ಲಿ ಹಾರುವ ಓತಿ ಮೊದಲು ಕಂಡಿದ್ದು ವಿಜ್ಞಾನಿಗಲ್ಲ, ಮಂದಣ್ಣನಿಗೆ. ಆ ಕಾದಂಬರಿಯನ್ನು ಮೆಚ್ಚಿ ಮಾತಾಡುವ ನಾವೇ ನಮ್ಮ ತೋಟದ ಮಂದಣ್ಣನನ್ನು 'ಒಂದಾಳು' ಅಂತ ಲೆಕ್ಕ ಬರೀತೀವಿ.

ಇನ್ನು, ಆಳು ಯಾಕೆ ಸಿಗ್ತಿಲ್ಲ? ಲೈನ್ ಮನೆಯ ಮಕ್ಕಳು ಓದಿಕೊಂಡು ಬೆಂಗಳೂರಿಗೆ ಹೋದರು. ಎಸ್ಟೇಟ್ ಮನೆಯ ಮಕ್ಕಳೂ ಹೋದರು. ನೀವು ಹೋದರೆ ಅದು ಕರಿಯರ್. ಅವರು ಹೋದರೆ 'ಆಳಿನ ಪ್ರಾಬ್ಲಮ್'. ಈಗ ಅಸ್ಸಾಮಿನಿಂದ ಬಂದು ದುಡಿಯುವವರಿಗೂ ಅದೇ ಲೆಕ್ಕ: "ಅಸ್ಸಾಂ ಆಳು ಹತ್ತು ಬಂತು."

ಪದ ಬಿಡಿ ಅಂತ ನಾನು ಹೇಳ್ತಿಲ್ಲ, ಚೆಂದದ ಪದ ಅದು. ಮುಂದಿನ ಸಲ ರೈಟರಿಗೆ ಫೋನ್ ಮಾಡಿದಾಗ "ಎಷ್ಟಾಳು ಬಂತು" ಅನ್ನಬೇಡಿ, "ಯಾರ್ಯಾರು ಬಂದಿದ್ದಾರೆ" ಅಂತ ಕೇಳಿ. ಆಗ ಆ ಕಡೆಯಿಂದ ಹೆಸರುಗಳು ಬರ್ತವೆ. ಹೆಸರು ಗೊತ್ತಾದ ಮೇಲೆ ಒಂದೇ ಕೆಲಸಕ್ಕೆ ಎರಡು ರೇಟು ಹೇಳೋದು ಸ್ವಲ್ಪವಾದರೂ ಕಷ್ಟ ಆಗಲಿ.