ಬೆಳಕಿಗೊಂದು ಬಾನಿ

ಮಕ್ಕಳಿಗೆಂದು ದೂರದರ್ಶಕ ಕೊಳ್ಳಲು ಹೋದ ತಂದೆತಾಯಿಗಳು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ‘ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಪೆಟ್ಟಿಗೆಯ ಮೇಲೆ ‘ಐನೂರು ಪಟ್ಟು’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ನಂಬಿ ಮನೆಗೆ ತಂದು, ತಾರಸಿಯ ಮೇಲೆ ನಿಲ್ಲಿಸಿ, ಗುರುಗ್ರಹಕ್ಕೆ ಗುರಿಯಿಟ್ಟರೆ ಕಾಣುವುದು ನಡುಗುವ ಒಂದು ಮಬ್ಬು ಚುಕ್ಕೆ. ನಾಲ್ಕು ರಾತ್ರಿ ಕಳೆಯುವಷ್ಟರಲ್ಲಿ ಆ ಉಪಕರಣ ಅಟ್ಟ ಸೇರುತ್ತದೆ. ಆಕಾಶದಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಮಗು ತೀರ್ಮಾನಿಸುತ್ತದೆ. ಹೋದ ಹಣಕ್ಕಿಂತ ದೊಡ್ಡ ನಷ್ಟ ಇದು.

ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ‘ಇದರ ಮಸೂರ ಅಥವಾ ಕನ್ನಡಿ ಎಷ್ಟು ಅಗಲ?’

ಬಯಲುಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆ ಬರುವಾಗ ಅಂಗಳದಲ್ಲಿ ಒಂದು ಚೊಂಬನ್ನೂ ಒಂದು ಬಾನಿಯನ್ನೂ ಇಟ್ಟರೆ ಎರಡರ ಮೇಲೂ ಬೀಳುವುದು ಅದೇ ಮಳೆ. ಆದರೆ ಬಾಯಿ ಅಗಲವಾಗಿರುವ ಬಾನಿಗೆ ಹೆಚ್ಚು ನೀರು ಸೇರುತ್ತದೆ. ನಕ್ಷತ್ರಗಳಿಂದ ಬರುವ ಬೆಳಕೂ ಹಾಗೆಯೇ, ತೀರಾ ಸಣ್ಣನೆಯ ಒಂದು ಸೋನೆಮಳೆ. ನಮ್ಮ ಕಣ್ಣಿನ ಪಾಪೆ ಕತ್ತಲೆಯಲ್ಲಿ ಪೂರ್ತಿ ಅರಳಿದಾಗ ಅದರ ಅಗಲ ಸುಮಾರು 7 ಮಿಲಿಮೀಟರು. ಎಂಟು ಅಂಗುಲದ, ಎಂದರೆ 200 ಮಿಲಿಮೀಟರಿನ ಕನ್ನಡಿ ಎಷ್ಟು ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ? ವೃತ್ತದ ವಿಸ್ತೀರ್ಣದ ಸೂತ್ರ ಕಲಿತವರೆಲ್ಲ ಲೆಕ್ಕ ಹಾಕಬಹುದು. 200ನ್ನು 7ರಿಂದ ಭಾಗಿಸಿ ಬಂದದ್ದನ್ನು ವರ್ಗ ಮಾಡಿದರೆ ಸುಮಾರು 816. ಹನ್ನೆರಡು ಅಂಗುಲದ ಕನ್ನಡಿಗೆ ಇದು 1,800 ದಾಟುತ್ತದೆ. ಹದಿನಾರು ಅಂಗುಲಕ್ಕೆ 3,200 ದಾಟುತ್ತದೆ. ಹವ್ಯಾಸಿಗಳು ದೊಡ್ಡ ದೂರದರ್ಶಕ ಎನ್ನುವುದು ಈ ಅರ್ಥದಲ್ಲಿ.

ವರ್ಧನೆಯ ಮಾತೇನು? ಕನ್ನಡಿ ಅಥವಾ ಮಸೂರದ ಅಗಲವನ್ನು ಮಿಲಿಮೀಟರಿನಲ್ಲಿ ಬರೆದು ಎರಡರಿಂದ ಗುಣಿಸಿದರೆ ಅದಕ್ಕೆ ಒಪ್ಪುವ ಗರಿಷ್ಠ ವರ್ಧನೆ ಸಿಗುತ್ತದೆ. 60 ಮಿಲಿಮೀಟರಿನ ಆಟಿಕೆಗೆ ಅದು 120. ಅದರ ಮೇಲೆ ಐನೂರು ಪಟ್ಟು ಹಿಗ್ಗಿಸಿದರೆ ಹಿಗ್ಗುವುದು ಮಬ್ಬು ಮಾತ್ರ. ದೊಡ್ಡ ದೂರದರ್ಶಕಗಳಲ್ಲೂ ನಮ್ಮ ವಾಯುಮಂಡಲದ ಕಂಪನದಿಂದಾಗಿ ಬಹುಪಾಲು ರಾತ್ರಿಗಳಲ್ಲಿ 200-250 ಪಟ್ಟಿಗಿಂತ ಮೇಲೆ ಹೋಗಿ ಪ್ರಯೋಜನವಿಲ್ಲ.

ಮಠದಿಂದ ಬೀದಿಗೆ

ದೊಡ್ಡ ಕನ್ನಡಿ ಹವ್ಯಾಸಿಗಳ ಕೈಗೆಟುಕಿದ ಕಥೆಗೆ ಭಾರತದ ನಂಟಿದೆ. ಬೀಜಿಂಗಿನಲ್ಲಿ 1915ರಲ್ಲಿ ಹುಟ್ಟಿದ ಜಾನ್ ಡಾಬ್ಸನ್ ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಿ, 1944ರಲ್ಲಿ ರಾಮಕೃಷ್ಣ ಪರಂಪರೆಗೆ ಸೇರಿದ ಸ್ಯಾನ್‌ಫ್ರಾನ್ಸಿಸ್ಕೊ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾದರು. ಕೈಯಲ್ಲಿ ಹಣವಿಲ್ಲ, ಆಕಾಶ ನೋಡುವ ಆಸೆ ಮಾತ್ರ ಇತ್ತು. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು. ಕಾಂಕ್ರೀಟ್ ಕಂಬ ಹಾಕಲು ಬಳಸುವ ರಟ್ಟಿನ ಕೊಳವೆಯೇ ದೂರದರ್ಶಕದ ಒಡಲಾಯಿತು. ಅದನ್ನು ನಿಲ್ಲಿಸಲು ಬೆಲೆಬಾಳುವ ಯಂತ್ರಪೀಠದ ಬದಲು ಬೀಸುಕಲ್ಲಿನಂತೆ ತಿರುಗುವ ಒಂದು ಮರದ ಪೆಟ್ಟಿಗೆ. ಕೊಳವೆಯನ್ನು ಕೈಯಿಂದಲೇ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ದೂಡಬಹುದು.

1967ರಲ್ಲಿ ಮಠ ಬಿಟ್ಟ ಡಾಬ್ಸನ್ ಮರುವರ್ಷ ಗೆಳೆಯರೊಡನೆ ‘ಬೀದಿಬದಿಯ ಖಗೋಳವೀಕ್ಷಕರು’ ಎಂಬ ಸಂಘ ಕಟ್ಟಿ, ದಾರಿಹೋಕರನ್ನು ಕರೆದು ಚಂದ್ರನನ್ನೂ ಶನಿಯನ್ನೂ ತೋರಿಸತೊಡಗಿದರು. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಪಡೆಯಲಿಲ್ಲ. 2014ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಜಗತ್ತಿನಾದ್ಯಂತ ಹವ್ಯಾಸಿಗಳ ದೊಡ್ಡ ದೂರದರ್ಶಕವೆಂದರೆ ‘ಡಾಬ್ಸೋನಿಯನ್’ ಎಂಬಂತಾಗಿತ್ತು.

ಕನ್ನಡಿ ಉಜ್ಜುವ ಕ್ರಮ ಕೇಳಿದರೆ ಯಾರಿಗೂ ಆಶ್ಚರ್ಯವಾಗುತ್ತದೆ. ಒಂದೇ ಅಳತೆಯ ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿಯನ್ನೂ ನೀರನ್ನೂ ಹಾಕಿ ಮೇಲಿನದನ್ನು ಹಿಂದೆ ಮುಂದೆ ಉಜ್ಜುತ್ತ, ಆಗಾಗ ತಿರುಗಿಸುತ್ತ ಹೋದರೆ ಮೇಲಿನ ಬಿಲ್ಲೆ ತಾನಾಗಿಯೇ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪಠ್ಯಪುಸ್ತಕದ ನಿಮ್ನ ದರ್ಪಣ ಮತ್ತು ಪೀನ ದರ್ಪಣಗಳ ಆಕಾರ ಒಟ್ಟಿಗೇ ಹುಟ್ಟುವುದು ಹೀಗೆ. ಕೊನೆಯ ಹೊಳಪು ಬರುವಾಗ ಮೇಲ್ಮೈಯ ಏರುತಗ್ಗು ತಲೆಗೂದಲ ದಪ್ಪದ ಐನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಇದನ್ನು ಅಳೆಯಲು ಫ್ರಾನ್ಸಿನ ಫೂಕೋ 1858ರಲ್ಲಿ ಕಂಡುಹಿಡಿದ ವಿಧಾನಕ್ಕೆ ಬೇಕಾದದ್ದು ಒಂದು ಪುಟ್ಟ ದೀಪ ಮತ್ತು ಒಂದು ಬ್ಲೇಡಿನ ಅಂಚು ಮಾತ್ರ! ಪುಣೆಯ ‘ಐಯೂಕಾ’ ಸಂಸ್ಥೆ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಇಂಥ ದೂರದರ್ಶಕ ತಯಾರಿಕೆಯ ಶಿಬಿರಗಳನ್ನು ನಡೆಸಿದೆ.

ತೆರೆದಿರುವ ದಕ್ಷಿಣದ ಬಾಗಿಲು

ಇಂಥ ಒಂದು ಬಾನಿಯನ್ನು ಚಿತ್ರದುರ್ಗದ ಸೀಮೆಗೆ ತಂದರೆ ಏನು ಲಾಭ? ಉತ್ತರ ಇರುವುದು ಭೂಪಟದಲ್ಲಿ. ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ನಾಲ್ಕೂ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರ ಉತ್ತರ ಕ್ಷಿತಿಜದಿಂದ 14 ಡಿಗ್ರಿ ಮಾತ್ರ ಮೇಲಿದೆ. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಹತ್ತು ಡಿಗ್ರಿ ಎಂದುಕೊಂಡರೆ ಒಂದೂವರೆ ಮುಷ್ಟಿ. ಉತ್ತರದಲ್ಲಿ ಧ್ರುವ ಕೆಳಗಿಳಿದಷ್ಟೂ ದಕ್ಷಿಣದ ಆಕಾಶ ಮೇಲೇರುತ್ತದೆ.

ಕಿನ್ನರ ಪುಂಜದಲ್ಲಿ ‘ಒಮೆಗಾ ಸೆಂಟಾರಿ’ ಎಂಬ ಗೋಳಾಕಾರದ ನಕ್ಷತ್ರಗುಚ್ಛವಿದೆ. ದೂರ ಸುಮಾರು 17,000 ಜ್ಯೋತಿರ್ವರ್ಷ. ಅದರಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳಿವೆಯೆಂದು ಅಂದಾಜು. ಹಿಂದಿನವರು ಇದನ್ನು ಒಂದೇ ನಕ್ಷತ್ರವೆಂದು ತಿಳಿದಿದ್ದರು. ಧೂಮಕೇತುವಿನ ಹ್ಯಾಲಿಯೇ 1677ರಲ್ಲಿ ಸೇಂಟ್ ಹೆಲೀನಾ ದ್ವೀಪದಿಂದ ನೋಡಿ ಇದು ನಕ್ಷತ್ರವಲ್ಲವೆಂದು ಗುರುತಿಸಿದ. ಮಸುಕು ವಸ್ತುಗಳ ಪ್ರಸಿದ್ಧ ಪಟ್ಟಿ ಮಾಡಿದ ಪ್ಯಾರಿಸಿನ ಮೆಸ್ಸಿಯೇಗೆ ಇದು ಕಾಣಲೇ ಇಲ್ಲ. ಪ್ಯಾರಿಸಿನಲ್ಲಿ ಅದು ಕ್ಷಿತಿಜದಿಂದ 6 ಡಿಗ್ರಿ ಕೆಳಗೇ ಉಳಿಯುತ್ತದೆ. ಚಿತ್ರದುರ್ಗದಲ್ಲಿ ಅದೇ ಗುಚ್ಛ 28 ಡಿಗ್ರಿಯವರೆಗೆ, ಹತ್ತಿರ ಹತ್ತಿರ ಮೂರು ಮುಷ್ಟಿ ಎತ್ತರಕ್ಕೆ ಏರುತ್ತದೆ! ಎಂಟು ಅಂಗುಲದ ದೂರದರ್ಶಕದಲ್ಲಿ ಅದರ ಅಂಚು ಬಿಡಿಬಿಡಿ ಚುಕ್ಕೆಗಳಾಗಿ ಒಡೆಯುತ್ತದೆ. ಹನ್ನೆರಡು ಅಂಗುಲದಲ್ಲಿ ನಡುವಿನವರೆಗೂ ರಾಗಿ ಚೆಲ್ಲಿದಂತೆ ಕಾಣುತ್ತದೆ.

ಈ ದಕ್ಷಿಣದ ಆಕಾಶಕ್ಕಾಗಿ ಇಂಗ್ಲೆಂಡಿನ ಜಾನ್ ಹರ್ಷೆಲ್ 1833ರ ನವೆಂಬರಿನಲ್ಲಿ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿ, ಹದಿನೆಂಟು ಅಂಗುಲಕ್ಕೂ ಮಿಗಿಲಾದ ಕನ್ನಡಿಯ ದೂರದರ್ಶಕವನ್ನು ಹೊತ್ತು, ಎರಡು ತಿಂಗಳು ಪಯಣಿಸಿ ದಕ್ಷಿಣ ಆಫ್ರಿಕದ ಗುಡ್‌ಹೋಪ್ ಭೂಶಿರ ಸೇರಿದರು. 1838ರವರೆಗೆ ಅಲ್ಲೇ ಇದ್ದು ಸ್ವಂತ ಖರ್ಚಿನಲ್ಲಿ ಆಕಾಶವನ್ನು ಶೋಧಿಸಿದರು. ವೈನು ಬಾಪು ಅವರು ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ವೀಕ್ಷಣಾಲಯಕ್ಕೆ ಆರಿಸಿದಾಗಲೂ ದಕ್ಷಿಣದ ಆಕಾಶ ಚೆನ್ನಾಗಿ ಕಾಣುವುದು ಒಂದು ಮುಖ್ಯ ಕಾರಣವಾಗಿತ್ತು. ಕಾವಲೂರು 12.6 ಡಿಗ್ರಿಯಲ್ಲಿದೆ, ಹೊಸದುರ್ಗಕ್ಕೂ ಅದಕ್ಕೂ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಂತರ, ಅಷ್ಟೇ. 1968ರಲ್ಲಿ ಕಾವಲೂರು ಆರಂಭವಾದದ್ದು 38 ಸೆಂಟಿಮೀಟರಿನ, ಎಂದರೆ ಹದಿನೈದು ಅಂಗುಲದ ದೂರದರ್ಶಕದಿಂದ. ಇಂದು ಆ ಅಳತೆಯ ಕನ್ನಡಿ ಹವ್ಯಾಸಿಗಳ ಬಳಿಯೇ ಇರುತ್ತದೆ.

ಎಲ್ಲಿ ನಿಲ್ಲಿಸಬೇಕು?

ಚಿತ್ರದುರ್ಗವೆಂದ ಕೂಡಲೆ ಎಲ್ಲರ ಮನಸ್ಸಿಗೆ ಬರುವುದು ಬೆಟ್ಟ. ಆದರೆ ಬಂಡೆಗಳ ಮಗ್ಗುಲು ದೂರದರ್ಶಕಕ್ಕೆ ಒಳ್ಳೆಯ ಜಾಗವಲ್ಲ. ಹಗಲೆಲ್ಲ ಕಾದ ಕಲ್ಲು ರಾತ್ರಿ ಬಹು ಹೊತ್ತು ಶಾಖ ಬಿಡುತ್ತದೆ. ಒಲೆಯ ಮೇಲಿನ ಗಾಳಿ ನಡುಗುವಂತೆ ಅಲ್ಲಿನ ಗಾಳಿ ನಡುಗಿ ಬಿಂಬ ಕಲಕುತ್ತದೆ. ಕಾಂಕ್ರೀಟ್ ತಾರಸಿಗೂ ಇದೇ ದೋಷ. ಜೋಗಿಮಟ್ಟಿಯಂಥ ಎತ್ತರದಲ್ಲಿ ತಂಪಿದೆ, ಆದರೆ ಗಾಳಿಯೂ ಇದೆ. ಗಾಳಿಯಂತ್ರ ಹಾಕಿದ ಗುಡ್ಡ ಯಾವುದೋ ಅದು ದೂರದರ್ಶಕಕ್ಕೆ ಬೇಡದ ಗುಡ್ಡ ಎಂದುಕೊಂಡರೆ ಸರಿ. ಜೊತೆಗೆ ಅದು ಅರಣ್ಯ. ಅನುಮತಿಯಿಲ್ಲದೆ ರಾತ್ರಿ ಹೋಗುವಂತಿಲ್ಲ.

ಕೊಯ್ಲಾದ ಹೊಲ ಎಲ್ಲಕ್ಕಿಂತ ಉತ್ತಮ. ಹೊಳಲ್ಕೆರೆ, ಹೊಸದುರ್ಗದ ಕಡೆ ತೆಂಗು ಅಡಿಕೆ ತೋಟಗಳು ದಕ್ಷಿಣವನ್ನು ಮರೆಮಾಡದ ಜಾಗ ನೋಡಿಕೊಳ್ಳಬೇಕು. ಹಿರಿಯೂರಿನವರು ಹೆದ್ದಾರಿಗಳ ಬೆಳಕಿನಿಂದ ದೂರ ಸರಿಯಬೇಕು. ಊರಿನ ದಕ್ಷಿಣಕ್ಕೆ ಹೋಗಿ ನಿಂತರೆ ಊರದೀಪಗಳ ಪ್ರಭೆ ಬೆನ್ನ ಹಿಂದೆ ಉಳಿಯುತ್ತದೆ. ಹಿರಿಯರ ಜೊತೆ, ಜಮೀನಿನ ಒಡೆಯರಿಗೆ ಹೇಳಿ, ಕಾಲಿಗೆ ಬೂಟು ಹಾಕಿಕೊಂಡೇ ಹೋಗಬೇಕು. ಹುಳುಹುಪ್ಪಟೆಯ ಭಯ ಎಲ್ಲ ಹೊಲದಲ್ಲೂ ಇದ್ದದ್ದೇ. ದೂರದರ್ಶಕವನ್ನು ಹಗಲಿನಲ್ಲಿ ಯಾವ ಕಾರಣಕ್ಕೂ ಸೂರ್ಯನತ್ತ ತಿರುಗಿಸಬಾರದು. ಕ್ಷಣಾರ್ಧದಲ್ಲಿ ಕಣ್ಣು ಶಾಶ್ವತವಾಗಿ ಹೋದೀತು.

ಕಾಣುವುದು, ಕಾಣದಿರುವುದು

ಪುಸ್ತಕದ ಚಿತ್ರಗಳಲ್ಲಿ ಮಹಾವ್ಯಾಧದ ನೀಹಾರಿಕೆ ಕೆಂಪು, ನೇರಳೆ ಬಣ್ಣಗಳಿಂದ ತುಂಬಿರುತ್ತದೆ. ದೂರದರ್ಶಕದಲ್ಲಿ ಅದು ಬೂದು ಬಣ್ಣದ, ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುತ್ತದೆ. ಇದು ಉಪಕರಣದ ದೋಷವಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ದಂಡಕೋಶಗಳು ಬಣ್ಣ ಗುರುತಿಸಲಾರವು. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಸಿಟ್ಟುಕೊಳ್ಳುತ್ತದೆ, ಕಣ್ಣಿಗೆ ಅದು ಸಾಧ್ಯವಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಟ್ಟರೆ ನಿರಾಶೆಯಾಗುವುದಿಲ್ಲ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ! ಬ್ಯಾಟರಿಗೆ ಕೆಂಪು ಬಣ್ಣದ ಪಾರದರ್ಶಕ ಕಾಗದ ಸುತ್ತಿಕೊಂಡರೆ ಸಾಕು. ಮಸುಕು ವಸ್ತುವನ್ನು ನೆಟ್ಟಗೆ ನೋಡದೆ ಅದರ ಪಕ್ಕಕ್ಕೆ ನೋಟ ಹಾಯಿಸಿದರೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ನವೆಂಬರ್ ಕೊನೆಯ ವಾರ ರಾತ್ರಿ ಒಂಬತ್ತಕ್ಕೆ ಉತ್ತರದಲ್ಲಿ ಎತ್ತರಕ್ಕೇರಿರುವ ದೇವಯಾನಿ ಗ್ಯಾಲಕ್ಸಿಯನ್ನು ನೋಡುವವರ ಕಣ್ಣಿಗೆ ಬೀಳುವುದು 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು. ಜನವರಿ ಮೂರನೆಯ ವಾರ ರಾತ್ರಿ ಹತ್ತಕ್ಕೆ ಮಹಾವ್ಯಾಧ, ಮೇ ಮೂರನೆಯ ವಾರ ಅದೇ ಹೊತ್ತಿಗೆ ಒಮೆಗಾ ಸೆಂಟಾರಿ ನೆತ್ತಿಯಿಂದ ದಕ್ಷಿಣಕ್ಕೆಳೆದ ಗೆರೆಯ ಮೇಲಿರುತ್ತವೆ. ಶನಿಯ ಬಳೆಗಳು 2025ರ ಮಾರ್ಚಿನಲ್ಲಿ ನಮಗೆ ಅಂಚು ತೋರಿ ಮಾಯವಾದಂತಿದ್ದವು. 2032ರ ಸುಮಾರಿಗೆ ಅವು ಪೂರ್ತಿ ತೆರೆದು ಕಾಣಲಿವೆ.

ಹಾಗೆಂದು ಎಲ್ಲ ಮನೆಗೂ ದೊಡ್ಡ ದೂರದರ್ಶಕ ಬೇಕಿಲ್ಲ. ಮೊದಲು ಒಂದು ವರ್ಷ ಬರಿಗಣ್ಣಿನಿಂದ ನಕ್ಷತ್ರಪುಂಜಗಳ ಪರಿಚಯವಾಗಲಿ, ಆಮೇಲೆ ಒಂದು ಬೈನಾಕ್ಯುಲರ್. ಎಂಟು-ಹತ್ತು ಅಂಗುಲದ ಡಾಬ್ಸೋನಿಯನ್ ಒಂದನ್ನು ನಾಲ್ಕಾರು ಶಾಲೆಗಳು ಸೇರಿ ಕೊಂಡು ಊರಿಂದೂರಿಗೆ ಸಾಗಿಸುವುದೇ ಜಾಣತನ.

ಕತ್ತಲೆಯ ಲೆಕ್ಕ

ಕೊನೆಗೆ ಉಳಿಯುವುದು ಕತ್ತಲೆಯ ಪ್ರಶ್ನೆ. ಕೆರೆ ದೊಡ್ಡದಾದಷ್ಟೂ ತಿಳಿನೀರಿನ ಜೊತೆ ಕೆಸರುನೀರೂ ಹೆಚ್ಚು ಬಂದು ಸೇರುತ್ತದೆ. ಹಾಗೆಯೇ ದೊಡ್ಡ ಕನ್ನಡಿ ನಕ್ಷತ್ರದ ಬೆಳಕಿನೊಡನೆ ಬೀದಿದೀಪದಿಂದ ಬೆಳ್ಳಗಾದ ಆಕಾಶದ ಬೆಳಕನ್ನೂ ಹಿಡಿಯುತ್ತದೆ. ಊರ ನಡುವಿನ ಹದಿನಾರು ಅಂಗುಲದ ಕನ್ನಡಿಗಿಂತ ಕತ್ತಲ ಹೊಲದ ಎಂಟು ಅಂಗುಲದಲ್ಲೇ ದೇವಯಾನಿ ಚೆನ್ನಾಗಿ ಕಂಡೀತು. ಬಿಳಿ ಎಲ್‌ಇಡಿ ದೀಪಗಳಲ್ಲಿ ನೀಲಿಯ ಅಂಶ ಹೆಚ್ಚು. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವ ಕಾರಣವೇ ರಾತ್ರಿಯ ಆಕಾಶವನ್ನು ಕೆಡಿಸುತ್ತದೆ.

2023ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 2011ರಿಂದ 2022ರವರೆಗೆ ಜನಸಾಮಾನ್ಯರು ಬರಿಗಣ್ಣಿನಿಂದ ಮಾಡಿದ 51,000ಕ್ಕೂ ಹೆಚ್ಚು ವೀಕ್ಷಣೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದವು. ಆಕಾಶದ ಬೆಳಕು ವರ್ಷಕ್ಕೆ ಶೇಕಡಾ 9.6ರಷ್ಟು ಏರುತ್ತಿದೆಯೆಂದು ಅದು ಹೇಳಿತು. ಹೀಗೆಯೇ ಮುಂದುವರಿದರೆ 250 ನಕ್ಷತ್ರ ಕಾಣುವ ಜಾಗದಲ್ಲಿ ಹುಟ್ಟಿದ ಮಗು ಹದಿನೆಂಟು ತುಂಬುವ ವೇಳೆಗೆ ಅಲ್ಲೇ ನೂರನ್ನು ಮಾತ್ರ ಕಾಣುತ್ತದೆ.

ಕತ್ತಲೆಯನ್ನು ಉಳಿಸಿಕೊಂಡವರೂ ಇದ್ದಾರೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ದೂರದರ್ಶಕವಿದೆ. 2022ರ ಡಿಸೆಂಬರಿನಲ್ಲಿ ಆ ಸೀಮೆಯನ್ನು ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರಿಗೆ ತರಬೇತಿಯನ್ನೂ ದೂರದರ್ಶಕಗಳನ್ನೂ ಕೊಡಲಾಗಿದೆ. ಬಂದ ಪ್ರವಾಸಿಗರಿಗೆ ಆಕಾಶ ತೋರಿಸುವುದು ಅವರಿಗೆ ಒಂದು ಜೀವನೋಪಾಯವೂ ಆಗಿದೆ.

ಚಿತ್ರದುರ್ಗದ ಹಳ್ಳಿಗಳಲ್ಲಿ ಬೀದಿದೀಪ ಆರಿಸಬೇಕೆಂದು ಯಾರೂ ಕೇಳಬೇಕಿಲ್ಲ. ರಾತ್ರಿ ಹೊತ್ತು ಓಡಾಡುವ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಅದು ಬೇಕು. ಕೇಳಬೇಕಾದದ್ದು ದೀಪಕ್ಕೊಂದು ಮುಚ್ಚಳ. ಬೆಳಕು ಆಕಾಶಕ್ಕೆ ಹೋಗದೆ ನೆಲಕ್ಕೆ ಬಿದ್ದರೆ ಕಡಿಮೆ ವಿದ್ಯುತ್ತಿನಲ್ಲೇ ದಾರಿ ಚೆನ್ನಾಗಿ ಕಾಣುತ್ತದೆ. ವಿದ್ಯಾರ್ಥಿಗಳು ಸೇರಿ ಗ್ರಾಮ ಪಂಚಾಯಿತಿಗೆ ಇದನ್ನು ಬರೆದು ಕೊಡಬಹುದು.

ಬರೆಯುವ ಮುನ್ನ ಕೈಯಲ್ಲೊಂದು ಅಂಕಿಯಿರಲಿ. ಜನವರಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ ರಾತ್ರಿ ಎಂಟೂವರೆಗೆ ಮನೆಯ ಮುಂದೆ ನಿಂತು, ಮಹಾವ್ಯಾಧದ ನಾಲ್ಕು ಮೂಲೆಯ ನಕ್ಷತ್ರಗಳ ಒಳಗೆ ಬರಿಗಣ್ಣಿಗೆ ಎಷ್ಟು ಚುಕ್ಕೆ ಕಾಣುತ್ತವೆಂದು ಎಣಿಸಿ ದಿನಾಂಕದೊಡನೆ ಬರೆದಿಡಿ. ಇನ್ನೊಂದು ರಾತ್ರಿ ಊರಾಚೆಯ ಹೊಲದಲ್ಲಿ ಎಣಿಸಿ ಪಕ್ಕದಲ್ಲೇ ಬರೆಯಿರಿ. ಎಂಟನೆಯ ತರಗತಿಯಲ್ಲಿ ಆರಂಭಿಸಿದ ಹುಡುಗ ಹುಡುಗಿಯರು ಪಿಯುಸಿ ಮುಗಿಸುವ ಹೊತ್ತಿಗೆ ಆ ಪುಟದಲ್ಲಿ ಐದು ವರ್ಷಗಳ ಅಂಕಿಗಳಿರುತ್ತವೆ.